ನಿದ್ರೆಯೆಂಬ ಪ್ರಸಾದ

ದೇಹಧಾರಣೆಗೆ ಅನ್ನದಷ್ಟೇ ನಿದ್ರೆಯೂ ಅವಶ್ಯವೆಂಬುದು ಸರ್ವವಿದಿತ. ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಎಣಿಸಿದೆ. ಆದರೆ ಅನ್ನಕ್ಕೂ ನಿದ್ರೆಗೂ ಒಂದು ಭೇದವುಂಟು. ಅನ್ನವನ್ನು ಮನುಷ್ಯನು ದುಡಿದು ಸಂಪಾದಿಸಬಲ್ಲನು. ನಿದ್ರೆಯನ್ನು ದುಡಿದು ಸಂಪಾದಿಸಲಾರನು. ಹಿಡಿಯಹೋದಷ್ಟೂ ಅದು ದೂರ ಸರಿಯುತ್ತದೆ. ಕಣ್ಣು ಬಿಗಿಯಾಗಿ ಮುಚ್ಚಿ, ಮಗ್ಗುಲು ಬದಲಿಸಿ, ಗಡಿಯಾರ ನೋಡಿ, ಇನ್ನು ನಾಲ್ಕೇ ತಾಸು ಉಳಿಯಿತೆಂದು ಲೆಕ್ಕ ಹಾಕುವವನ ಹತ್ತಿರಕ್ಕೆ ಅದು ಸುಳಿಯುವುದಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಜನ ರಾತ್ರಿಯನ್ನು ಬಲ್ಲವರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಕಾರ್ಯಾರಂಭ ಮಾಡಿದ ತರುವಾಯ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಸೀಮೆಯಾಯಿತು. ನೀರಿನ ಸರದಿ ನಡುರಾತ್ರಿಗೆ ಬಂದರೆ ರೈತನು ನಡುರಾತ್ರಿಯಲ್ಲಿಯೇ ಗದ್ದೆಗೆ ಹೋಗಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಕಾರ್ಮಿಕರು ಪಾಳಿಯ ಮೇಲೆ ಭೂಮಿಯ ಒಳಗಿಳಿಯುತ್ತಾರೆ. ಮಸ್ಕಿಯ ಸುತ್ತಲಿನ ಮಳೆಯಾಶ್ರಿತ ಹೊಲಗಳ ಒಡೆಯನು ತೊಗರಿಗೆ ಮಳೆ ಬಂದೀತೇ ಎಂದು ಮುಗಿಲು ನೋಡುತ್ತ ಮಲಗುತ್ತಾನೆ. ಇವರೆಲ್ಲರ ಮನೆಗಳಲ್ಲಿಯೂ ವಯಸ್ಸಾದವರೊಬ್ಬರು ನಸುಕಿನ ಮೂರು ಗಂಟೆಗೆ ಎಚ್ಚತ್ತು ಕುಳಿತಿರುವುದು ಅಪರೂಪವಲ್ಲ. ನಿದ್ರೆ ಬಾರದವನಿಗೆ ಭಕ್ತಿ ಸಾಲದೆಂದೋ ಮನಸ್ಸು ದುರ್ಬಲವೆಂದೋ ಹೇಳುವ ರೂಢಿಯೊಂದಿದೆ. ಈ ಮಾತು ನೊಂದವರನ್ನು ಮತ್ತಷ್ಟು ನೋಯಿಸುತ್ತದೆಯಲ್ಲದೆ ವಿಷಯಕ್ಕೂ ಸಂಗತವಲ್ಲ. ಆದುದರಿಂದ ನಿದ್ರೆ ಹೇಗೆ ಬರುತ್ತದೆ, ಹೇಗೆ ಕೆಡುತ್ತದೆ, ಕೆಟ್ಟುದನ್ನು ತಿದ್ದಿಕೊಳ್ಳುವ ಬಗೆ ಯಾವುದು ಎಂಬುದನ್ನು ವಿಜ್ಞಾನದ ಬೆಳಕಿನಲ್ಲಿಯೂ ಶರಣರ ವಿಚಾರದ ಬೆಳಕಿನಲ್ಲಿಯೂ ಇಲ್ಲಿ ಪರಿಶೀಲಿಸಲಾಗಿದೆ.

ಜಾಗರಣೆಯೂ ನಿದ್ರಾಹೀನತೆಯೂ

ಮೊದಲು ಎರಡು ಶಬ್ದಗಳ ಅರ್ಥವನ್ನು ಬೇರ್ಪಡಿಸಬೇಕು. ಶಿವರಾತ್ರಿಯಂದು ಭಕ್ತನು ಮಾಡುವುದು ಜಾಗರಣೆ. ಅದು ಸಂಕಲ್ಪಪೂರ್ವಕವಾದ ಎಚ್ಚರ. ಅಲ್ಲಿ ಮನಸ್ಸು ಒಂದೆಡೆ ನಿಂತಿರುತ್ತದೆ. ನಿದ್ರಾಹೀನತೆಯು ಬಯಸದೆ ಬಂದ ಎಚ್ಚರ. ಅಲ್ಲಿ ಮನಸ್ಸು ನೂರೆಡೆ ಹರಿದಿರುತ್ತದೆ. ವಚನಕಾರರು ನಿದ್ರೆಯನ್ನು ಹಳಿದಂತೆ ತೋರುವ ಕಡೆಗಳಲ್ಲಿ ಅವರ ದೃಷ್ಟಿ ಇರುವುದು ಮರವೆಯ ಮೇಲೆ, ಅಂದರೆ ಅರಿವುಗೇಡಿತನದ ಮೇಲೆ. ದಣಿದ ದೇಹದ ಸಹಜ ವಿಶ್ರಾಂತಿಯನ್ನು ಅವರು ನಿಂದಿಸಿದರೆಂದು ತಿಳಿಯುವುದು ತಪ್ಪು. ಜಾಗ್ರ, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳನ್ನು ಒಪ್ಪಿಕೊಂಡೇ ಶಾಸ್ತ್ರಕಾರರು ತುರೀಯದ ಮಾತನ್ನು ಆಡಿದ್ದಾರೆ. ಸುಷುಪ್ತಿಯೇ ಇಲ್ಲದವನಿಗೆ ಜಾಗ್ರವೂ ಸರಿಯಾಗಿ ಇರುವುದಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟವನು ಇಷ್ಟಲಿಂಗದ ಮುಂದೆ ಕುಳಿತರೆ ಕಣ್ಣು ನೆಡುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ.

ನಿದ್ರೆ ಬರುವ ಬಗೆ

ನಿದ್ರೆಯನ್ನು ಎರಡು ಶಕ್ತಿಗಳು ಕೂಡಿ ತರುತ್ತವೆ. ಜೂರಿಕ್ ನಗರದ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ ಇದನ್ನು 1982ರಲ್ಲಿ ಸಿದ್ಧಾಂತರೂಪದಲ್ಲಿ ನಿರೂಪಿಸಿದನು. ಮೊದಲನೆಯದು ನಿದ್ರೆಯ ಹಸಿವು. ಬೆಳಿಗ್ಗೆ ಎದ್ದ ಗಳಿಗೆಯಿಂದ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯ ಕ್ರಮೇಣ ಸಂಚಯವಾಗುತ್ತದೆ. ಎಚ್ಚರವಿದ್ದಷ್ಟೂ ಅದು ಹೆಚ್ಚುತ್ತದೆ, ಮಲಗಿ ನಿದ್ರಿಸಿದಾಗ ಕರಗುತ್ತದೆ. ಎರಡನೆಯದು ದೇಹದ ಗಡಿಯಾರ. ಮಿದುಳಿನ ಒಳಗಿನ ಒಂದು ಸಣ್ಣ ಕೇಂದ್ರವು ಹಗಲಿನ ಬೆಳಕನ್ನು ಅನುಸರಿಸಿ ಇಪ್ಪತ್ತನಾಲ್ಕು ತಾಸುಗಳ ಲಯವನ್ನು ಕಾಯುತ್ತದೆ. ಕತ್ತಲಾಗುತ್ತಿದ್ದಂತೆ ಮೆಲಟೋನಿನ್ ಎಂಬ ದ್ರವ್ಯ ಸ್ರವಿಸುತ್ತದೆ, ದೇಹದ ಒಳಶಾಖ ಇಳಿಯತೊಡಗುತ್ತದೆ, ಆಗ ಕಣ್ಣು ಭಾರವಾಗುತ್ತದೆ. ಈ ಗಡಿಯಾರ ಜೀವಕೋಶಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹಸಿವು ಬಲಿತು, ಗಡಿಯಾರವೂ ಹೊತ್ತಾಯಿತೆಂದು ಹೇಳಿದಾಗ ನಿದ್ರೆ ತಾನಾಗಿ ಬರುತ್ತದೆ. ಮಧ್ಯಾಹ್ನ ಮೂರು ತಾಸು ಮಲಗಿದವನು ಆ ಹಸಿವನ್ನು ಮೊದಲೇ ತೀರಿಸಿಕೊಂಡಿರುತ್ತಾನೆ. ಸಂಜೆ ಚಹಾದಂಗಡಿಯಲ್ಲಿ ಮೇಲಿಂದ ಮೇಲೆ ಚಹಾ ಕುಡಿದವನು ಅದನ್ನು ಮರೆಮಾಚಿರುತ್ತಾನೆ. ಏಕೆಂದರೆ ಚಹಾ, ಕಾಫಿಗಳಲ್ಲಿರುವ ಕೆಫೀನ್ ಅಡಿನೋಸಿನ್‌ನ ಸ್ಥಾನವನ್ನು ಆಕ್ರಮಿಸಿ ಕೂಡುತ್ತದೆ. ಅದರ ಅರ್ಧಾಂಶ ರಕ್ತದಿಂದ ಇಳಿಯಲು ಸುಮಾರು ಐದಾರು ತಾಸು ಬೇಕು. ರಾತ್ರಿ ಹತ್ತಕ್ಕೆ ಮಲಗುವವನು ಮಧ್ಯಾಹ್ನದ ನಂತರ ಚಹಾ ಬಿಡುವುದು ಲೇಸು. ತಂಬಾಕು, ಗುಟ್ಕಾಗಳಲ್ಲಿಯ ನಿಕೋಟಿನ್ ಕೂಡ ಎಚ್ಚರಿಸುವ ದ್ರವ್ಯವೇ. ಮದ್ಯವು ಮೊದಲು ಕಣ್ಣು ಮುಚ್ಚಿಸಿದರೂ ರಾತ್ರಿಯ ಉತ್ತರಾರ್ಧದಲ್ಲಿ ನಿದ್ರೆಯನ್ನು ಚೂರುಚೂರು ಮಾಡುತ್ತದೆ.

ನಿದ್ರೆ ಕೆಡುವ ಬಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಜಲಾಶಯದ ನೀರೆಲ್ಲ ನದಿಗೆ ಹರಿದರೆ ನಾಟಿ ಮಾಡಿದ ಭತ್ತದ ಗತಿಯೇನೆಂಬ ಪ್ರಶ್ನೆ ಎಡದಂಡೆ ಕಾಲುವೆಯನ್ನು ನಂಬಿದವರೆಲ್ಲರನ್ನೂ ಕಾಡಿತು. ಅಂಥ ರಾತ್ರಿ ನಿದ್ರೆ ಬಾರದಿದ್ದರೆ ಅದು ರೋಗವಲ್ಲ. ಮನೆಗೆ ಬೆಂಕಿ ಬಿದ್ದಾಗ ಮಲಗುವವನಾರು? ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಕೂಡಿಸಲಾಯಿತು. ಕಾರಣ ಕಳೆದ ಮೇಲೆ ಬಹುಜನರ ನಿದ್ರೆ ಮರಳುತ್ತದೆ. ಆದರೆ ಇಂಥ ಸಂಕಟಗಳ ತರುವಾಯ ಕೆಲವರ ನಿದ್ರೆ ಮರಳುವುದೇ ಇಲ್ಲ. ಗೇಟು ಮುಚ್ಚಿದರೂ ಮನಸ್ಸು ಮುಚ್ಚುವುದಿಲ್ಲ. ಇದೇಕೆ?

ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ ನಿದ್ರಾಹೀನತೆಯ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು. ಹುಟ್ಟಿನಿಂದಲೂ ಸ್ವಭಾವದಿಂದಲೂ ಬಂದ ಒಲವು ಒಂದು. ಸಾಲ, ಸಾವು, ಬೆಳೆನಾಶಗಳಂತೆ ಅದನ್ನು ಕೆರಳಿಸುವ ಘಟನೆ ಎರಡನೆಯದು. ಘಟನೆ ಕಳೆದ ಮೇಲೂ ಅದನ್ನು ಉಳಿಸಿಕೊಂಡು ಬರುವ ಅಭ್ಯಾಸಗಳು ಮೂರನೆಯವು. ಈ ಮೂರನೆಯ ಬಗೆಯೇ ವಿಚಾರಾರ್ಹವಾದುದು. ನಿದ್ದೆಗೆಟ್ಟವನು ನಷ್ಟವನ್ನು ತುಂಬಿಕೊಳ್ಳಲು ರಾತ್ರಿ ಎಂಟಕ್ಕೇ ಹಾಸಿಗೆ ಸೇರುತ್ತಾನೆ, ಬೆಳಿಗ್ಗೆ ತಡವಾಗಿ ಏಳುತ್ತಾನೆ, ಮಧ್ಯಾಹ್ನ ಮಲಗುತ್ತಾನೆ. ಫಲವಾಗಿ ನಿದ್ರೆಯ ಹಸಿವು ಮತ್ತಷ್ಟು ಕುಂದುತ್ತದೆ. ಹಾಸಿಗೆಯ ಮೇಲೆ ಎಚ್ಚರವಾಗಿ ಹೊರಳಾಡಿದ ತಾಸುಗಳು ಹೆಚ್ಚಿ, ಕೊನೆಗೆ ಹಾಸಿಗೆ ಕಂಡ ಕೂಡಲೆ ಎಚ್ಚರವೇ ನೆನಪಾಗುವಂತಾಗುತ್ತದೆ. ನಡುಮನೆಯಲ್ಲಿ ಕುಳಿತಲ್ಲಿಯೇ ತೂಕಡಿಸುತ್ತಿದ್ದವನು ಹಾಸಿಗೆಗೆ ಹೋದೊಡನೆ ಕಣ್ಣು ಬಿಡುವುದು ಇದರಿಂದಲೇ.

ಇದರ ಮೂಲದಲ್ಲಿರುವುದು ಪ್ರಯತ್ನ. ಮಸ್ಕಿಯ ಬೆಟ್ಟದ ಅಶೋಕ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಬೆಳಕಿಗೆ ತಂದನು. ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಹೆಸರಿಟ್ಟು ಸಾರಿದ ಕೀರ್ತಿ ಅದರದು. ಧರ್ಮದಲ್ಲಿ ಉದ್ಯುಕ್ತನಾದರೆ ದೊಡ್ಡವನಿಗಷ್ಟೇ ಅಲ್ಲ, ಸಣ್ಣವನಿಗೂ ಉನ್ನತವಾದುದು ದೊರೆಯುತ್ತದೆಂಬುದು ಅದರ ಆಶಯ. ಧರ್ಮಕ್ಕೂ ಬೇಸಾಯಕ್ಕೂ ವಿದ್ಯೆಗೂ ಇದು ಸತ್ಯ. ನಿದ್ರೆಯ ವಿಷಯದಲ್ಲಿ ಮಾತ್ರ ಉದ್ಯಮವೇ ಅಡ್ಡಿಯಾಗುತ್ತದೆ. ಪ್ರಯತ್ನಿಸುವವನ ನಾಡಿ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಮಿದುಳು ಕಾವಲು ಕಾಯುತ್ತದೆ. ಕಾವಲು ನಿಂತವನು ನಿದ್ರಿಸುವುದು ಹೇಗೆ?

ಲಕ್ಕಮ್ಮನ ಪಾಠ

ಈ ಸೀಮೆಯವರೇ ಆದ ಶರಣ ದಂಪತಿಗಳ ಪ್ರಸಂಗವೊಂದು ಇಲ್ಲಿ ದಾರಿ ತೋರಿಸುತ್ತದೆ. ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಲಿಂಗಸುಗೂರು ತಾಲ್ಲೂಕಿನ ಗುರುಗುಂಟೆಯ ಸಮೀಪದ ಅಮರೇಶ್ವರದವರು. ಇಬ್ಬರ ಅಂಕಿತಗಳಲ್ಲಿಯೂ ಅಮರೇಶ್ವರಲಿಂಗನ ಹೆಸರಿದೆ. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಗುರುತೆಂದು ತಿಳಿದು, ಮಿಕ್ಕುದನ್ನು ಇದ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳು.

ಈ ಪ್ರಸಂಗವನ್ನು ಅಪರಿಗ್ರಹದ ನಿದರ್ಶನವಾಗಿ ವಿದ್ವಾಂಸರು ವಿವೇಚಿಸಿದ್ದಾರೆ. ಅದರಲ್ಲಿ ರಾತ್ರಿಯ ಪಾಠವೂ ಇದೆ. ನಿದ್ರೆಗೆಟ್ಟವನ ಮಡಿಲಲ್ಲಿರುವುದು ಹೆಚ್ಚಿನ ಅಕ್ಕಿಯೇ. ನಾಳೆ ಕೊಡಬೇಕಾದ ಬಡ್ಡಿ, ನಾಡಿದ್ದಿನ ಮದುವೆಯ ಮಾತು, ಹೋದ ವರ್ಷ ಯಾರೋ ಆಡಿದ ನುಡಿ, ಇವೆಲ್ಲವನ್ನೂ ಆತ ಇಂದಿನ ರಾತ್ರಿಗೆ ಆಯ್ದು ತಂದಿರುತ್ತಾನೆ. ಅವುಗಳನ್ನು ಹೊತ್ತುಕೊಂಡು ಹಾಸಿಗೆಗೆ ಹೋಗಬಾರದು. ಅದಕ್ಕೆ ಮೊದಲೇ ಸುರಿದು ಬರಬೇಕು.

ಸುರಿಯುವ ಕ್ರಮ ಸರಳವಾದುದು. ಸಂಜೆ ಊಟಕ್ಕೆ ಮುನ್ನ, ಮಲಗುವ ಕೋಣೆಯ ಹೊರಗೆ, ಕಾಲು ತಾಸು ಕುಳಿತು ಒಂದು ನೋಟುಬುಕ್ಕಿನಲ್ಲಿ ಎರಡು ಸಾಲು ಮಾಡಬೇಕು. ಒಂದರಲ್ಲಿ ಚಿಂತೆ, ಅದರ ಎದುರಿಗೆ ನಾಳೆ ಮಾಡಬಹುದಾದ ಒಂದು ಕೆಲಸ. ಮಾಡಲಾಗದುದರ ಎದುರಿಗೆ ಗೆರೆ ಎಳೆದು ಬಿಡಬೇಕು. ಬರೆಯಬಾರದವರು ಮನೆಯವರೊಡನೆ ಹೇಳಿಕೊಳ್ಳಬಹುದು. ರಾತ್ರಿ ಅದೇ ಚಿಂತೆ ಮರಳಿದರೆ, ಅದು ಪುಸ್ತಕದಲ್ಲಿದೆ, ಬೆಳಿಗ್ಗೆ ನೋಡೋಣವೆಂದು ಮನಸ್ಸಿಗೆ ತಿಳಿಹೇಳಬೇಕು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸಾಕ್ಷಿಯಾಗಿದೆ. ಅದರಲ್ಲಿ 57 ತರುಣರು ಪಾಲ್ಗೊಂಡಿದ್ದರು. ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದುದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ರಿಸಿದರು.

ದೇಹವನ್ನು ಸಡಿಲಿಸುವ ಕ್ರಮ

ಚಿಂತೆಯನ್ನು ಸುರಿದರೂ ದೇಹದ ಬಿಗಿ ಉಳಿದಿರಬಹುದು. ಹಗಲೆಲ್ಲ ಹುಬ್ಬು ಗಂಟಿಕ್ಕಿಕೊಂಡು, ದವಡೆ ಕಚ್ಚಿಕೊಂಡು ಇದ್ದವನಿಗೆ ತಾನು ಬಿಗಿದಿರುವುದೇ ತಿಳಿಯದು. ಷಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ ಇದಕ್ಕಾಗಿ ಒಂದು ಕ್ರಮವನ್ನು ರೂಪಿಸಿ 1929ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಬಿಗಿಯನ್ನು ಬೇಕೆಂದೇ ಉಂಟುಮಾಡಿ, ಅನಂತರ ಬಿಟ್ಟರೆ ಸಡಿಲವೆಂದರೇನೆಂಬುದು ದೇಹಕ್ಕೆ ಅರ್ಥವಾಗುತ್ತದೆಂಬುದು ಅವನ ತತ್ತ್ವ.

ಅಂಗಾತ ಮಲಗಿ ಕಣ್ಣು ಮುಚ್ಚಬೇಕು. ಪಾದದ ಬೆರಳುಗಳನ್ನು ಒಳಕ್ಕೆ ಮಡಿಚಿ ಐದು ಎಣಿಸುವವರೆಗೆ ಬಿಗಿಹಿಡಿದು, ಒಮ್ಮೆಲೆ ಬಿಟ್ಟು, ಅರ್ಧ ನಿಮಿಷ ಆ ಸಡಿಲವನ್ನೇ ಗಮನಿಸಬೇಕು. ತರುವಾಯ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ತೋಳು, ಹೆಗಲು, ದವಡೆ, ಹಣೆ ಹೀಗೆ ಮೇಲಕ್ಕೆ ಬರಬೇಕು. ನೋವಿರುವ ಭಾಗವನ್ನು ಬಿಗಿಯದೆ ಬಿಡಬೇಕು. ಇಡೀ ಕ್ರಮಕ್ಕೆ ಹದಿನೈದು ನಿಮಿಷ ಸಾಕು. ಮೊದಲ ರಾತ್ರಿಯೇ ಫಲ ಬರುವುದಿಲ್ಲ. ಎರಡು ಮೂರು ವಾರ ಹಗಲಿನಲ್ಲಿಯೂ ಒಮ್ಮೆ ಅಭ್ಯಾಸ ಮಾಡಿದರೆ ದೇಹ ಕಲಿಯುತ್ತದೆ.

ಅದರ ಜೊತೆಗೆ ಉಸಿರು. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುವವರೆಗೆ ಮೆಲ್ಲನೆ ಬಿಡಬೇಕು. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿ ಇಳಿಯುವುದರಿಂದ, ಬಿಡುವ ಹೊತ್ತು ದೀರ್ಘವಾದರೆ ದೇಹ ಶಾಂತವಾಗುತ್ತದೆ.

ಇಲ್ಲಿ ಭಕ್ತರಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ಪಂಚಾಕ್ಷರೀ ಜಪದಿಂದ ನಿದ್ರೆ ಬರುವುದಿಲ್ಲವೇ? ಲಯಬದ್ಧವಾದ ಜಪದಿಂದ ಉಸಿರು ನಿಧಾನವಾಗುವುದೂ ಮನಸ್ಸು ಒಂದೆಡೆ ನಿಲ್ಲುವುದೂ ನಿಜ. ಆದರೆ ಮಂತ್ರವನ್ನು ನಿದ್ದೆಯ ಮಾತ್ರೆಯಾಗಿ ನುಂಗಬಾರದು. ನಿದ್ರೆ ಬರಲೆಂದು ಜಪಿಸುವವನು ಪ್ರತಿ ಆವೃತ್ತಿಗೂ ನಿದ್ರೆ ಬಂತೇ ಎಂದು ನೋಡುತ್ತಾನೆ. ಆಗ ಜಪವೂ ಕೆಡುತ್ತದೆ, ನಿದ್ರೆಯೂ ಕೆಡುತ್ತದೆ. ಸಂಜೆಯ ಲಿಂಗಪೂಜೆಯನ್ನು ಅದರ ಹೊತ್ತಿನಲ್ಲಿ, ಎಚ್ಚರದಿಂದ, ಅದಕ್ಕಾಗಿಯೇ ಮಾಡಬೇಕು. ಅಲ್ಲಿ ದೊರೆತ ಶಾಂತಿ ಹಾಸಿಗೆಯವರೆಗೆ ಬಂದರೆ ಅದು ತಾನಾಗಿ ಬಂದುದು.

ಹಾಸಿಗೆಯ ನಿಯಮ

ಬಹುದಿನಗಳ ನಿದ್ರಾಹೀನತೆಗೆ ಸಡಿಲಿಕೆಯೊಂದೇ ಸಾಲದು. ಕೆಟ್ಟ ಅಭ್ಯಾಸವನ್ನು ಬಿಡಿಸುವ ನಿಯಮಗಳೂ ಬೇಕು. ರಿಚರ್ಡ್ ಬೂಟ್ಜಿನ್ 1972ರಲ್ಲಿಯೂ ಸ್ಪೀಲ್‌ಮನ್ 1987ರಲ್ಲಿಯೂ ಮುಂದಿಟ್ಟ ಕ್ರಮಗಳನ್ನು ಕೂಡಿಸಿ ಇಂದು ಚಿಕಿತ್ಸೆ ನೀಡುತ್ತಾರೆ. ಬಹುಕಾಲದ ನಿದ್ರಾಹೀನತೆಗೆ ಔಷಧಕ್ಕಿಂತ ಮೊದಲು ಈ ವರ್ತನಾ ಚಿಕಿತ್ಸೆಯನ್ನೇ ನೀಡಬೇಕೆಂದು ಅಮೆರಿಕದ ವೈದ್ಯರ ಮಹಾವಿದ್ಯಾಲಯ 2016ರಲ್ಲಿ ಸೂಚಿಸಿತು. ಅದರ ಸಾರ ಹೀಗಿದೆ.

ರಾತ್ರಿ ಎಷ್ಟೇ ನಿದ್ದೆಗೆಟ್ಟರೂ ಬೆಳಿಗ್ಗೆ ಏಳುವ ಹೊತ್ತನ್ನು ಬದಲಿಸಬಾರದು. ಎದ್ದೊಡನೆ ಬಿಸಿಲಿಗೆ ಬರಬೇಕು. ಕಣ್ಣು ಭಾರವಾದ ಮೇಲೆಯೇ ಹಾಸಿಗೆಗೆ ಹೋಗಬೇಕು. ಹಾಸಿಗೆಯ ಮೇಲೆ ಊಟ, ಲೆಕ್ಕ, ಮೊಬೈಲು, ವಾದ ಯಾವುದೂ ಸಲ್ಲದು. ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದೆಂದು ತೋರಿದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದ ಮೇಲೆ ಮರಳಬೇಕು. ಗಡಿಯಾರವನ್ನು ಕಣ್ಣಿಗೆ ಕಾಣದಂತೆ ತಿರುಗಿಸಿಡಬೇಕು.

ಇನ್ನೊಂದು ನಿಯಮ ಮೊದಲಿಗೆ ವಿಚಿತ್ರವೆನಿಸುತ್ತದೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಲಗಿದ್ದು ಐದೂವರೆ ತಾಸು ಮಾತ್ರ ನಿದ್ರಿಸುವವನು ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡಬೇಕು. ಹನ್ನೊಂದೂವರೆಗೆ ಮಲಗಿ ಐದೂವರೆಗೆ ಏಳಬೇಕು. ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ರೆಯೇ ಆದಾಗ ವಾರಕ್ಕೆ ಕಾಲು ತಾಸಿನಂತೆ ಹೆಚ್ಚಿಸುತ್ತ ಹೋಗಬೇಕು. ಹರಡಿಹೋದ ನಿದ್ರೆ ಹೀಗೆ ಒಂದೆಡೆ ಕೂಡುತ್ತದೆ. ಐದು ತಾಸಿಗಿಂತ ಕೆಳಗೆ ಇಳಿಸಬಾರದು. ಮೂರ್ಛೆರೋಗವಿದ್ದವರು, ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ವಾಹನ ಅಥವಾ ಯಂತ್ರ ನಡೆಸುವವರು, ಬೀಳುವ ಭಯವಿರುವ ವೃದ್ಧರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಸೀಮೆಗೆ ತಕ್ಕ ಎಚ್ಚರಿಕೆಗಳು

ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಹಗಲಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ದೇಹದ ಒಳಶಾಖ ಇಳಿಯದೆ ನಿದ್ರೆ ಬಾರದೆಂಬುದನ್ನು ಮೇಲೆ ಹೇಳಿದೆ. ಹಿರಿಯರು ಮಾಳಿಗೆಯ ಮೇಲೆ ಹೊರಸು ಹಾಕಿ ಮಲಗುತ್ತಿದ್ದುದು ಅನುಭವದಿಂದ ಬಂದ ಜಾಣ್ಮೆ. ಹೊರಸಿನ ಹೆಣಿಗೆಯ ಸಂದಿನಲ್ಲಿ ಗಾಳಿಯಾಡುತ್ತದೆ. ಸಿಮೆಂಟಿನ ತಾರಸಿ ಹಗಲಿನ ಕಾವನ್ನು ಹಿಡಿದಿಡುವುದರಿಂದ ಸಂಜೆ ನೀರು ಚಿಮುಕಿಸಬೇಕು. ಮಲಗುವುದಕ್ಕೆ ಒಂದೆರಡು ತಾಸು ಮೊದಲು ಸ್ನಾನ ಮಾಡಿದರೆ ಚರ್ಮದ ಮೂಲಕ ಶಾಖ ಹೊರಬೀಳಲು ಸಹಾಯವಾಗುತ್ತದೆ. ಗದ್ದೆಗಳ ಸೀಮೆಯಲ್ಲಿ ಸೊಳ್ಳೆಪರದೆ ನಿದ್ರೆಗೂ ಆರೋಗ್ಯಕ್ಕೂ ರಕ್ಷೆ. ಬಿಸಿಲಿನ ಮಧ್ಯಾಹ್ನ ಮಲಗಲೇಬೇಕೆನಿಸಿದರೆ ಮೂರು ಗಂಟೆಯೊಳಗೆ, ಅರ್ಧ ತಾಸು ಮೀರದಂತೆ ಮಲಗಬಹುದು.

ರಾತ್ರಿ ನೀರು ಕಟ್ಟಲು ಹೋಗುವ ರೈತನು ಸಂಜೆಯೇ ಒಂದೂವರೆ ತಾಸು ಮಲಗಿ ಹೋಗುವುದು ಒಳ್ಳೆಯದು. ರಾತ್ರಿ ಪಾಳಿ ಮುಗಿಸಿ ಬಂದ ಗಣಿಕಾರ್ಮಿಕನ ದೇಹದ ಗಡಿಯಾರ ಹಗಲಾಯಿತೆನ್ನುತ್ತಿರುತ್ತದೆ. ಆತನ ಕೋಣೆಯನ್ನು ಕತ್ತಲೆ ಮಾಡಿ, ಸದ್ದಿಲ್ಲದಂತೆ ನೋಡಿಕೊಳ್ಳುವುದು ಮನೆಯವರ ಕರ್ತವ್ಯ. ಹಗಲು ಮಲಗಿದವನನ್ನು ಸೋಮಾರಿಯೆಂದು ಎಬ್ಬಿಸುವುದು ತರವಲ್ಲ. ಅವನ ಕಾಯಕ ರಾತ್ರಿಯಲ್ಲಿ ಮುಗಿದಿದೆ.

ವೈದ್ಯರ ಸಹಾಯ

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟು, ಹಗಲಿನ ಕೆಲಸಕ್ಕೆ ಅಡ್ಡಿಯಾದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವುದು, ರಾತ್ರಿ ಕಾಲುಗಳಲ್ಲಿ ತಡೆಯಲಾರದ ಚಡಪಡಿಕೆ, ಮಧುಮೇಹದಿಂದ ಪದೇ ಪದೇ ಮೂತ್ರಕ್ಕೆ ಏಳುವುದು, ಥೈರಾಯ್ಡ್ ದೋಷ ಇವು ಪ್ರತ್ಯೇಕ ಚಿಕಿತ್ಸೆಯಿಂದ ಸರಿಯಾಗುವಂಥವು. ನಸುಕಿನಲ್ಲಿ ಎಚ್ಚರವಾಗಿ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕು ಭಾರವೆನಿಸಿದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಅಂಥವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ನಿದ್ದೆಯ ಮಾತ್ರೆಯನ್ನು ನೆರೆಯವರಿಂದಲೋ ಅಂಗಡಿಯಿಂದಲೋ ತಂದು ನುಂಗುವುದು ಅಪಾಯಕರ. ಬಹುದಿನ ತೆಗೆದುಕೊಂಡವರು ಒಮ್ಮೆಲೆ ಬಿಡುವುದೂ ಅಷ್ಟೇ ಅಪಾಯಕರ. ಎರಡಕ್ಕೂ ವೈದ್ಯರ ಮಾರ್ಗದರ್ಶನ ಬೇಕು.

ಉಪಸಂಹಾರ

ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿದಾಗ ಅದು ಪ್ರಸಾದವಾಗಿ ಮರಳುತ್ತದೆಂಬುದು ಶರಣಧರ್ಮದ ಮುಖ್ಯ ತತ್ತ್ವಗಳಲ್ಲಿ ಒಂದು. ಅರ್ಪಿಸುವುದಷ್ಟೇ ಭಕ್ತನ ಪಾಲಿನದು, ಪ್ರಸಾದವನ್ನು ಕಸಿದುಕೊಳ್ಳಲಾಗದು. ಏಳುವ ಹೊತ್ತು, ಹಗಲಿನ ದುಡಿಮೆ, ಮಿತವಾದ ಊಟ, ಸಂಜೆಯ ಲೆಕ್ಕ, ಸಡಿಲವಾದ ದೇಹ ಇವು ಮನುಷ್ಯನ ಕೈಯಲ್ಲಿರುವಂಥವು. ಇವನ್ನು ನಿಯಮದಿಂದ ನಡೆಸಬೇಕು, ಅದು ಕಾಯಕ. ಆಮೇಲೆ ಬರುವ ನಿದ್ರೆ ಪ್ರಸಾದ. ಒಂದು ರಾತ್ರಿ ಅದು ಬಾರದಿದ್ದರೆ ಭಕ್ತಿಯೂ ಕುಂದಲಿಲ್ಲ, ಬದುಕೂ ಕೆಡಲಿಲ್ಲ. ನಾಳಿನ ರಾತ್ರಿಗೆ ಹಸಿವು ಹೆಚ್ಚಿರುತ್ತದೆ. ಮಿಕ್ಕ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದ ಮಾರಯ್ಯನ ಮಡಿಲು ಹಗುರವಾಗಿತ್ತು. ಹಾಸಿಗೆಗೆ ಹೋಗುವವನ ಮಡಿಲೂ ಅಷ್ಟೇ ಹಗುರವಾಗಿರಲಿ.